ಆಟದ ಗಾಡಿಯಲ್ಲ

ನನ್ನ ಚಿಕ್ಕಮ್ಮನಿಗೆ ಕೋಪ ಬಂದರೆ ಮೊದಲು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುತ್ತಾಳೆ. ಬಟ್ಟೆ ಸುಡಬಾರದಲ್ಲ, ಅದಕ್ಕೆ. ಆಮೇಲೆ ಸೊಂಟಕ್ಕೆ ಕೈಕೊಟ್ಟು ಎದುರಿಗಿದ್ದವರನ್ನು ಸುಡುತ್ತಾಳೆ. ಆ ಸೋಮವಾರ ಸಂಜೆ ಎದುರಿಗಿದ್ದವನು ನಾನು.

ಆಸ್ಪತ್ರೆಯ ಗೋಡೆಗೆ ನಗರಸಭೆಯವರು ಅಂಟಿಸಿದ್ದ ನೋಟೀಸನ್ನು ಕಿತ್ತು ತಂದು, ಇಸ್ತ್ರಿ ಮೇಜಿನ ಮೇಲೆ ಸುಕ್ಕು ಬಿಡಿಸಿ ಹರಡಿದ್ದಳು.

"ಯಾರೋ ಇದನ್ನ ಬರ್ದಿದ್ದು? ನಿಮ್ಮ ಆಫೀಸಿಂದೇ ಅಲ್ವಾ?"

ನಮ್ಮ ಆಫೀಸಿನದ್ದೇ. ಬರೆದವನೂ ನಾನೇ. ಆದರೆ ಅದಕ್ಕೆ ಮುಂಚೆ ಅವಳ ಗಾಡಿಯ ಕತೆ ಹೇಳಬೇಕು.

ಊರಂಚಿನ ಗಾಲ್ಫ್ ಮೈದಾನದಲ್ಲಿ ಗಾಡಿಗಳನ್ನು ನಿಲ್ಲಿಸುವ ಶೆಡ್ಡಿದೆ. ಚಿಕ್ಕಮ್ಮ ಹದಿನೆಂಟು ವರ್ಷ ದುಡಿದದ್ದು ಅಲ್ಲಿ. ಆಡುವವರು ಹುಲ್ಲಿನ ಮೇಲೆಲ್ಲ ಸುತ್ತಾಡಿಸಿ ತಂದುಬಿಟ್ಟ ಗಾಡಿಗಳ ಕೆಸರು ತೊಳೆಯುವುದು, ಬ್ಯಾಟರಿಗಳಿಗೆ ನೀರು ತುಂಬುವುದು, ಸಂಜೆ ಇಪ್ಪತ್ತಾರನ್ನೂ ಸಾಲಾಗಿ ಚಾರ್ಜಿಗೆ ಹಾಕುವುದು. ಬೀದಿಯವರ ಬಾಯಲ್ಲಿ ಅವಳು ಬ್ಯಾಟರಿ ಅಕ್ಕ ಆದದ್ದು ಹಾಗೆ. ಒಂದು ದಿನ ಶೆಡ್ಡಿನ ಒದ್ದೆ ನೆಲದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು. ಆದರೆ ಎಡಗಾಲು ಎರಡು ಬೆರಳಷ್ಟು ಗಿಡ್ಡವಾಯಿತು, ಕೆಲಸವೂ ಹೋಯಿತು. ಮ್ಯಾನೇಜರಿಗೆ ಒಳಗೊಳಗೇ ಚುಚ್ಚಿತೋ ಏನೋ, ಗುಜರಿಗೆ ಹಾಕಲಿದ್ದ ಎಂಟು ಗಾಡಿಗಳನ್ನು ತೋರಿಸಿ, ಯಾವುದಾದರೂ ಒಂದನ್ನು ತೆಗೆದುಕೊಂಡು ಹೋಗಮ್ಮ ಎಂದರಂತೆ. ಇವಳು ಎಂಟರಲ್ಲಿ ಅತಿ ಕೊಳಕಾದದ್ದನ್ನು ಆರಿಸಿದಳು. ಸೀಟು ಹರಿದಿತ್ತು, ಚಾವಣಿ ಬಿರುಕು ಬಿಟ್ಟಿತ್ತು. ನಾನು ಮುಖ ಸಿಂಡರಿಸಿದಾಗ, "ಅಂದಚೆಂದ ನೋಡೋಕೆ ಹೆಣ್ಣು ನೋಡೋಕೆ ಬಂದಿದೀಯೇನೋ? ಮೋಟಾರ್ ಸದ್ದು ಕೇಳು," ಎಂದಿದ್ದಳು.

ಹಿಂದಿನ ಸೀಟನ್ನು ಕಿತ್ತು ಎರಡು ಕಬ್ಬಿಣದ ಸರಳು ಹಾಕಿಸಿದಳು. ಮುಖ್ಯರಸ್ತೆಯ ಆಚೆಬದಿಯ ಆಸ್ಪತ್ರೆಯ ನರ್ಸುಗಳ ಸಮವಸ್ತ್ರಗಳಿಗೆ ಇಸ್ತ್ರಿ ಹಾಕುವ ಕೆಲಸ ಹಿಡಿದಳು. ದಿನಕ್ಕೆ ನಲವತ್ತರಷ್ಟು. ಬೆಳಗ್ಗೆ ಆರೂವರೆಗೆ ಗಾಡಿಯ ಸರಳಿಗೆ ತೂಗುಹಾಕಿ ಹೊರಟರೆ ಒಂದು ಮಡಿಕೆಯೂ ಕೆಡುವುದಿಲ್ಲ. ಹೊತ್ತು ನಡೆಯಲು ಆ ಕಾಲಿಗೆ ಸಾಧ್ಯವಿಲ್ಲ. ಆಟೋದಲ್ಲಿ ಮುದ್ದೆ ಮಾಡಿ ಒಯ್ದರೆ ಇಸ್ತ್ರಿ ಹಾಕಿ ಏನು ಬಂತು? ಒಂಬತ್ತು ವರ್ಷದಿಂದ ಅವಳ ಹೊಟ್ಟೆಪಾಡು ಹೀಗೆ ಆ ರಸ್ತೆಯನ್ನು ಅಡ್ಡ ದಾಟುತ್ತಲೇ ನಡೆದಿತ್ತು.

ಈಚೆಗೆ ಹೊಸ ಬಡಾವಣೆಯವರಿಗೂ ಗಾಲ್ಫ್ ಗಾಡಿಯ ಹುಚ್ಚು ಹಿಡಿಯಿತು. ಕಾಫಿ ಕುಡಿಯಲೂ ಅದೇ, ನಾಯಿಗೆ ಗಾಳಿ ತೋರಿಸಲೂ ಅದೇ. ಒಬ್ಬ ಮಹಾಶಯ ಹಾಡು ಹಾಕಿಕೊಂಡು, ಕಣ್ಣುಮುಚ್ಚಿ ತಲೆ ಅಲ್ಲಾಡಿಸುತ್ತಾ, ಮಟಮಟ ಮಧ್ಯಾಹ್ನ ತರಕಾರಿ ಅಂಗಡಿಯೊಳಕ್ಕೇ ನುಗ್ಗಿಸಿದ. ಅಂಗಡಿಯವಳ ಮೊಣಕೈ ಮುರಿಯಿತು. ನಿಯಮ ಬೇಕೆಂದು ಊರೇ ಕೂಗಿತು. ತಪ್ಪೇನೂ ಅಲ್ಲ.

ನಮ್ಮ ಸಾಹೇಬರು ಇಂಗ್ಲಿಷಿನ ಕರಡನ್ನು ನನ್ನ ಮೇಜಿಗೆ ಎಸೆದು, ಊಟದ ಹೊತ್ತಿಗೆ ಕನ್ನಡ ಮಾಡಿಕೊಡು ಎಂದರು. ಗಾಲ್ಫ್ ಎಂದರೆ ಆಟ, ಆದ್ದರಿಂದ "ಆಟದ ಗಾಡಿ" ಎಂದು ಬರೆದೆ. ಅಚ್ಚಗನ್ನಡ ಮಾಡಿದೆನೆಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ ಕೂಡ. ಏಳನೆಯ ನಿಯಮ ಹೀಗಿತ್ತು: ಆಟದ ಗಾಡಿಗಳು ಮುಖ್ಯರಸ್ತೆಯನ್ನು ಪ್ರವೇಶಿಸಕೂಡದು, ಅಡ್ಡ ದಾಟಲೂ ಕೂಡದು. ಅದನ್ನು ಬರೆಯುವಾಗ ನನಗೆ ಚಿಕ್ಕಮ್ಮ ನೆನಪಾಗಲಿಲ್ಲ. ಇಂದಿಗೂ ನಾಚಿಕೆಯಾಗುವುದು ಆ ಪದಕ್ಕಲ್ಲ, ಈ ಮರೆವಿಗೆ.

"ನಾನೇ ಬರ್ದಿದ್ದು ಚಿಕ್ಕಮ್ಮ," ಎಂದೆ.

ಬೈಗುಳಕ್ಕೆ ತಲೆತಗ್ಗಿಸಿ ನಿಂತೆ. ಬೈಯಲಿಲ್ಲ. ನೋಟೀಸಿನ ಮೇಲೆ ಬೆರಳಿಟ್ಟು ಆ ಪದವನ್ನು ಮತ್ತೊಮ್ಮೆ ಓದಿದಳು. ಮೆಲ್ಲಗೆ ಮುಖ ಅರಳಿತು.

"ಆಟದ ಗಾಡಿ ದಾಟಬಾರ್ದು. ಸರಿ. ನಂದು ಆಟದ ಗಾಡಿ ಅಂತ ಯಾವನೋ ಅಂದಿದ್ದು?"

ಆಕ್ಷೇಪಣೆ ಕೇಳುವ ಸಭೆಯ ದಿನ ನಗರಸಭೆಯ ಅಂಗಳಕ್ಕೆ ಗಾಡಿಯಲ್ಲೇ ಬಂದಳು. ಹಿಂದೆ ನಲವತ್ತೆರಡು ಬಿಳಿ ಸಮವಸ್ತ್ರ ತೂಗಾಡುತ್ತಿದ್ದವು. ಕುಂಟುತ್ತಾ ಮೆಟ್ಟಿಲು ಹತ್ತಿ, ಕುರ್ಚಿ ಕೊಟ್ಟರೂ ಕೂರದೆ ಅಧ್ಯಕ್ಷರ ಮುಂದೆ ನಿಂತಳು.

"ಸ್ವಾಮಿ, ಕಿಟಕಿಯಿಂದ ಸ್ವಲ್ಪ ಕೆಳಗ್ ನೋಡಿ. ಅದರಲ್ಲಿ ಆಟ ಎಲ್ಲಿದೆ?"

ಯಾರೋ ಕಿಸಕ್ಕೆಂದರು. ಚಿಕ್ಕಮ್ಮ ಅತ್ತ ತಿರುಗಿಯೂ ನೋಡಲಿಲ್ಲ.

"ಹದಿನೆಂಟು ವರ್ಷ ಅದರಲ್ಲಿ ಕೂತು ಆಡಿದೋರು ಬೇರೆ, ಅದನ್ನ ತೊಳೆದೋಳು ನಾನು. ಆವಾಗ್ಲೂ ನಂಗದು ಆಟದ ಗಾಡಿ ಆಗಿರ್ಲಿಲ್ಲ. ದೀಪ ಹಾಕ್ಸು ಅನ್ನಿ, ಹಾಕ್ಸ್ತೀನಿ. ಕನ್ನಡಿ, ಬೆಲ್ಟು, ಲೈಸೆನ್ಸು, ಏನ್ ಬೇಕೋ ಕೇಳಿ. ತರಕಾರಿಯವಳ ಕೈ ಮುರಿದಿದ್ದು ನಂಗೂ ಗೊತ್ತು, ಅವಳ ಮನೆ ಬಟ್ಟೆ ನಾನೇ ಒಗೀತಿದೀನಿ. ಆದ್ರೆ ದಾಟಬೇಡ ಅಂದ್ರೆ ಮಾತ್ರ ಕೇಳಲ್ಲ."

ಅಧ್ಯಕ್ಷರು ಒಳ್ಳೆಯವರೇ, ಆದರೆ ಆತುರದವರು. "ಅಮ್ಮಾ, ಅದು ಕನ್ನಡ ಮಾಡುವಾಗ ಆದ ತಪ್ಪು. ಗಾಲ್ಫ್ ಗಾಡಿ ಅಂತ ತಿದ್ದಿದ್ರೆ ಮುಗೀತು," ಎಂದವರೇ ಮೂಲೆಯಲ್ಲಿ ಟಿಪ್ಪಣಿ ಬರೆಯುತ್ತಿದ್ದ ನನ್ನತ್ತ ತಿರುಗಿದರು. "ಈಗಲೇ ತಿದ್ದಯ್ಯ."

ಚಿಕ್ಕಮ್ಮನೂ ನನ್ನತ್ತ ನೋಡಿದಳು. ಸಾಹೇಬರ ಹುಬ್ಬು ಗಂಟಿಕ್ಕಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು "ಆಯ್ತು ಸಾರ್" ಬಿಟ್ಟು ಬೇರೇನೂ ಹೇಳಿದವನಲ್ಲ.

"ತಿದ್ದಬಹುದು ಸಾರ್," ಎಂದೆ. "ಆದ್ರೆ ತಿದ್ದಿದ್ರೆ ನೋಟೀಸನ್ನ ಹೊಸದಾಗಿ ಮೂವತ್ತು ದಿನ ಅಂಟಿಸ್ಬೇಕು. ಆಕ್ಷೇಪಣೆನೂ ಹೊಸದಾಗಿ ಕೇಳ್ಬೇಕು."

"ಆಗ್ಲೂ ಬರ್ತೀನಿ," ಎಂದಳು ಚಿಕ್ಕಮ್ಮ. "ಗಾಲ್ಫ್ ಗಾಡಿ ಅಂತ ಬರೆದ್ರೆ, ರಸ್ತೆ ಮಧ್ಯ ನಾನು ಗಾಲ್ಫ್ ಆಡಿದ್ದನ್ನ ಕಂಡೋರು ಯಾರು ಅಂತ ಕೇಳ್ತೀನಿ. ನೀವ್ ಹೆಸರು ಬದಲಾಯಿಸ್ತಾ ಇರಿ, ನಾನು ಬರ್ತಾ ಇರ್ತೀನಿ."

ಈ ಸಲ ಅಧ್ಯಕ್ಷರೂ ನಕ್ಕರು. ಆಕ್ಷೇಪಣೆ ಒಪ್ಪಿ ಸೇರಿಸುವ ಸಾಲಿಗೆ ಹೊಸ ನೋಟೀಸು ಬೇಕಿರಲಿಲ್ಲ. ಒಂದು ಗಂಟೆ ಗುದ್ದಾಡಿ ಏಳನೆಯ ನಿಯಮಕ್ಕೆ ಒಂದು ಸಾಲು ಸೇರಿಸಿದರು: ದುಡಿಮೆಗೆ ಬಳಸುವ ಗಾಡಿಗಳು ಅನುಮತಿ ಪಡೆದು ಸಿಗ್ನಲ್ ಇರುವಲ್ಲಿ ಮುಖ್ಯರಸ್ತೆ ದಾಟಬಹುದು.

ಮುಂದಿನ ತಿಂಗಳು ಚಿಕ್ಕಮ್ಮ ದೀಪ ಹಾಕಿಸಿದಳು, ಎರಡೂ ಬದಿಗೆ ಕನ್ನಡಿ ಕೂರಿಸಿದಳು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಡ್ರೈವಿಂಗ್ ಪರೀಕ್ಷೆಗೆ ಹೋಗಿ, ಮೊದಲ ಸಲ ಪರೀಕ್ಷಕನಿಗೇ ಗಾಡಿ ಹಿಂದಕ್ಕೆ ತೆಗೆಯುವ ಪಾಠ ಹೇಳಿ ಫೇಲಾದಳು. ಎರಡನೆಯ ಸಲ ತುಟಿ ಬಿಚ್ಚದೆ ಪಾಸಾದಳು. ಬ್ರೇಕು ತಪಾಸಣೆಯ ಚೀಟಿಯನ್ನೂ ಹಿಡಿದು, ಅನುಮತಿಗಾಗಿ ನನ್ನ ಕೌಂಟರಿಗೇ ಬಂದಳು.

ಅಲ್ಲಿ ನನ್ನ ಪದ ಇನ್ನೊಂದು ಎಡವಟ್ಟು ಮಾಡಿಟ್ಟಿತ್ತು. "ಆಟ" ಎಂದು ಕಂಡದ್ದೇ ತಡ, ಮೇಲಿನವರು ಈ ಕಡತವನ್ನು ಕ್ರೀಡಾ ವಿಭಾಗಕ್ಕೆ ತಳ್ಳಿದ್ದರು. ಮೈದಾನ ಬಳಸಲು ಕೊಡುವ ಹಳೆಯ ಅರ್ಜಿಯನ್ನೇ ಕ್ರೀಡಾ ವಿಭಾಗದವರು ನನಗೆ ಕಟ್ಟುಗಟ್ಟಲೆ ಕಳಿಸಿದ್ದರು. ಅದರ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ "ಆಟಗಾರರ ಹೆಸರು" ಎಂದಿತ್ತು.

ಚಿಕ್ಕಮ್ಮ ಕನ್ನಡಕ ಏರಿಸಿ ಓದಿದಳು. ಕೌಂಟರಿನ ಮೇಲೆ ದಾರ ಕಟ್ಟಿಟ್ಟಿದ್ದ ಪೆನ್ನನ್ನು ಎಳೆದುಕೊಂಡು, "ಆಟಗಾರರ" ಎಂಬುದನ್ನು ಎರಡು ಗೆರೆ ಹಾಕಿ ಹೊಡೆದಳು. ಅದರ ಮೇಲೆ "ಕೆಲಸಗಾರ್ತಿಯ" ಎಂದು ಬರೆದು, ಮುಂದೆ ತನ್ನ ಹೆಸರು ತುಂಬಿದಳು. ಬೀದಿಯವರು ಕರೆಯುವ ಹೆಸರಲ್ಲ, ಅವಳಪ್ಪ ಇಟ್ಟ ಹೆಸರು. ಅದನ್ನು ಪೂರ್ತಿಯಾಗಿ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮುದ್ರೆ ಒತ್ತು," ಎಂದಳು.

ಅರ್ಜಿಯ ಕೆಳಗೆ ಸಣ್ಣಕ್ಷರದಲ್ಲಿ, ಹೊಡೆದು ತಿದ್ದಿದ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ ಎಂದಿತ್ತು. ಬೆನ್ನ ಹಿಂದೆ ಸಾಹೇಬರು ಬಂದು ನಿಂತದ್ದು ಗೊತ್ತಾಯಿತು. "ಏನಯ್ಯ ಅದು, ತಿದ್ದಿದ ಅರ್ಜಿನಾ?" ಎಂದರು.

"ಹೌದು ಸಾರ್. ತಪ್ಪಿತ್ತು, ತಿದ್ದಿದಾರೆ," ಎಂದು ಹೇಳಿ ಮುದ್ರೆ ಒತ್ತಿದೆ. ಎಷ್ಟು ಜೋರಾಗಿ ಒತ್ತಿದೆನೆಂದರೆ, ಕೆಳಗಿದ್ದ ಇನ್ನೆರಡು ಅರ್ಜಿಗಳ ಮೇಲೂ ಅದರ ಗುರುತು ಮೂಡಿತು.