ಐತಪ್ಪಣ್ಣನ ಕಪ್ಪೆ ಕಾರು

ಕಾರು ಸ್ಟಾರ್ಟ್ ಮಾಡಿದ ಮೇಲೆ ಐತಪ್ಪಣ್ಣ ಅದರಿಂದ ಕೆಳಗಿಳಿದು ಅಂಗಳದ ಬದಿಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ರಾತ್ರಿಯಿಡೀ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ ಕೂತಿದ್ದ ಕಾರು, ಅಕ್ಕಿ ಮಿಲ್ಲಿನ ಹಾಗೆ ಸದ್ದು ಮಾಡುತ್ತ, ಒಮ್ಮೆ ನಡುಗಿ, ಮೊದಲು ಹಿಂಭಾಗ ಆಮೇಲೆ ಮುಂಭಾಗ ಎತ್ತಿಕೊಂಡು ಮೆಲ್ಲನೆ ಎದ್ದು ನಿಲ್ಲುತ್ತಿತ್ತು. ಅದು ಪೂರ್ತಿ ಏಳುವ ತನಕ ಯಾರೂ ಹತ್ತಬಾರದು. "ನಿದ್ದೆಯಿಂದ ಏಳುವವನ ಹೆಗಲ ಮೇಲೆ ಯಾರಾದರೂ ಕೂತುಕೊಳ್ತಾರಾ?" ಎಂದು ಕೇಳುತ್ತಿದ್ದರು. ನಾನು ಪಂಚಾಯತಿನ ಪಾಲಿಯೇಟಿವ್ ನರ್ಸ್. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು, ಮಾತ್ರೆ ಕೊಟ್ಟು, ನೋವು ಎಷ್ಟುಂಟು ಎಂದು ಕೇಳುವುದು ನನ್ನ ಕೆಲಸ. ಒಂದು ಕಾರು ನಿದ್ದೆಯಿಂದ ಏಳುವುದನ್ನು ಕಾಯುತ್ತ ನಿಲ್ಲಲು ನನಗೆಲ್ಲಿಯ ಪುರುಸೊತ್ತು? ಮೊದಲ ದಿನವೇ ಅವಸರದಲ್ಲಿ ಬಾಗಿಲಿಗೆ ಕೈ ಹಾಕಿ ಅವರಿಂದ ಬೈಸಿಕೊಂಡಿದ್ದೆ.

ಈಗ ಐತಪ್ಪಣ್ಣ ಇಲ್ಲ. ಅವರಿಗಿಂತ ಮೊದಲೇ ಅವರ ಹೆಂಡತಿ ಗಿರಿಜಕ್ಕ ಹೋದರು. ಮಕ್ಕಳಿಲ್ಲದ ಮನೆ. ಕಾರು ಮಾತ್ರ ಕುಂಬ್ಡಾಜೆಯ ಆ ಅಂಗಳದಲ್ಲಿ ಕೂತಿದೆ, ಅದರ ಅಡಿಯಲ್ಲಿ ಹುಲ್ಲು ಬೆಳೆದಿದೆ. ಐತಪ್ಪಣ್ಣನ ತಮ್ಮನ ಮಕ್ಕಳು ಗುಜರಿಯವನಿಗೆ ಹೇಳಿದ್ದಾರಂತೆ. ಆ ದಾರಿಯಾಗಿ ಸ್ಕೂಟರಿನಲ್ಲಿ ಹೋಗುವಾಗ ನಾನು ಆ ಕಡೆ ಮುಖ ತಿರುಗಿಸುವುದಿಲ್ಲ. ತಿರುಗಿಸಿದರೆ ಅಂದು ಅನ್ನ ಸೇರುವುದಿಲ್ಲ.

ಐತಪ್ಪಣ್ಣ ಪ್ರಾಯಕಾಲದಿಂದಲೂ ಡ್ರೈವರ್. ಕೆಲಸ ಬಿಟ್ಟು ಎಷ್ಟೋ ಕಾಲವಾದ ಮೇಲೂ ಖಾಕಿ ಅಂಗಿ ಬಿಟ್ಟವರಲ್ಲ. ಮಂಗಳೂರಿನ ಬಂದರು ಕೆಲಸಕ್ಕೆಂದು ಬಂದಿದ್ದ ಫ್ರಾನ್ಸಿನ ಇಂಜಿನಿಯರೊಬ್ಬನ ಬಳಿ ಇದ್ದರು. ಆತ ಊರಿಗೆ ಮರಳುವಾಗ ತನ್ನ ಡೀಸೆಲ್ ಕಾರನ್ನು ಇವರಿಗೇ ಬಿಟ್ಟುಹೋದ. ಅದರ ಕಾಗದಪತ್ರ ಸರಿಮಾಡಿಸಿ ಕೇರಳದ ನಂಬರು ಹಾಕಿಸಲು ಇವರು ಚಪ್ಪಲಿ ಸವೆಸಿದ್ದು ಬೇರೆಯೇ ಪುರಾಣ. ಉಳಿದ ಕಾರುಗಳಿಗಿರುವ ಹಾಗೆ ಅದಕ್ಕೆ ಸ್ಪ್ರಿಂಗ್ ಇಲ್ಲ. ಒಂದೊಂದು ಚಕ್ರಕ್ಕೂ ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ಒಂದು ಕಬ್ಬಿಣದ ಗುಂಡು. ಅದರೊಳಗೆ ಒಂದು ಪಾಲು ಗ್ಯಾಸು, ಒಂದು ಪಾಲು ಹಸಿರು ಎಣ್ಣೆ. ಕಾರಿನ ಇಡೀ ಭಾರ ಆ ಎಣ್ಣೆಯ ಒತ್ತಡದ ಮೇಲೆ. ಇಂಜಿನ್ ನಿಲ್ಲಿಸಿದರೆ ಒತ್ತಡ ಇಳಿದು ಕಾರು ಕೂರುತ್ತದೆ, ಹೊರಡಿಸಿದರೆ ಏಳುತ್ತದೆ. ಊರವರು ಕಪ್ಪೆ ಕಾರು ಎಂದು ಹೆಸರಿಟ್ಟರು. ನಕ್ಕವರೂ ಒಮ್ಮೆ ಹತ್ತಿ ಕೂತು ಬಂದ ಮೇಲೆ ಸುಮ್ಮನಾಗುತ್ತಿದ್ದರು, ಏಕೆಂದರೆ ಹೊಂಡಕ್ಕೆ ಬಿದ್ದದ್ದೇ ಒಳಗೆ ಕೂತವರಿಗೆ ತಿಳಿಯುತ್ತಿರಲಿಲ್ಲ.

ಬದಿಯಡ್ಕದಿಂದ ಕಾಸರಗೋಡಿನ ತನಕ ಯಾವ ಗ್ಯಾರೇಜಿನವರೂ ಅದನ್ನು ಮುಟ್ಟಲು ಒಪ್ಪುತ್ತಿರಲಿಲ್ಲ. ಸೀತಾಂಗೋಳಿಯ ಮೆಕ್ಯಾನಿಕ್ ಒಬ್ಬ ಬೊನೆಟ್ ತೆಗೆದು ನೋಡಿ, ಇದಕ್ಕೆ ಮೆಕ್ಯಾನಿಕ್ ಸಾಲದು, ಮಂತ್ರವಾದಿ ಬೇಕು ಎಂದು ಹಾಗೆಯೇ ಮುಚ್ಚಿದನಂತೆ. ಹಾಗಾಗಿ ರಿಪೇರಿಯೆಲ್ಲ ಐತಪ್ಪಣ್ಣನದ್ದೇ. ಲುಂಗಿಯಲ್ಲಿ, ಬನಿಯನಿನಲ್ಲಿ, ಕೊನೆಗೆ ತಲೆದಿಂಬಿನಲ್ಲೂ ಹಸಿರು ಕಲೆ. ಅವರನ್ನು ಹಿಂಡಿದರೆ ಒಂದು ಲೀಟರ್ ಎಣ್ಣೆ ಸಿಕ್ಕೀತು ಎಂದು ಗಿರಿಜಕ್ಕ ಹೇಳುತ್ತಿದ್ದರು. ಒಮ್ಮೆ ಅಗಲ್ಪಾಡಿಯ ಒಂದು ಮದುವೆಗೆ ಮದುಮಗನನ್ನು ಕೂರಿಸಿಕೊಂಡು ಹೋಗಿ, ಎದುರುಗೊಳ್ಳುವವರು ಬರಲಿ ಎಂದು ಇಂಜಿನ್ ನಿಲ್ಲಿಸಿದರಂತೆ. ಸೀಲುಗಳು ಹಳತಾಗಿ ಕಾರು ಬೇಗ ಇಳಿಯುತ್ತಿದ್ದ ಕಾಲ ಅದು. ಆರತಿ ಹಿಡಿದು ಹೆಂಗಸರು ಬರುವಷ್ಟರಲ್ಲಿ ಕಾರಿನ ಬಾಗಿಲು ಮೆಟ್ಟಿಲಿನ ಕೆಂಪುಕಲ್ಲಿಗೆ ಕಚ್ಚಿಕೊಂಡಿತ್ತು. ಮದುಮಗ ಪೇಟ ಕಟ್ಟಿಕೊಂಡು ಒಳಗೇ ಬಾಕಿ. ಇವರು ಗಡಿಬಿಡಿ ಮಾಡದೆ ಇಂಜಿನ್ ಹೊರಡಿಸಿ, ಮುಹೂರ್ತಕ್ಕೆ ಇನ್ನೂ ಸಮಯ ಉಂಟು, ಇವ ಏಳಲಿ ಎಂದು ಕಾರನ್ನು ತೋರಿಸಿ ಎಲ್ಲರನ್ನೂ ಕಾಯಿಸಿದರಂತೆ. ಇದನ್ನು ಹೇಳುವಾಗ ಗಿರಿಜಕ್ಕ ನೋವು ಮರೆತು ನಗುತ್ತಿದ್ದರು.

ಆದರೆ ಅದೇ ಕಾರು ಒಮ್ಮೆ ಐತಪ್ಪಣ್ಣನ ಜೀವ ತೆಗೆಯುವುದರಲ್ಲಿತ್ತು. ಅಡಿಯ ಒಂದು ಪೈಪು ತುಕ್ಕು ಹಿಡಿದಿತ್ತು. ಬದಲಿಸಲೆಂದು ಐತಪ್ಪಣ್ಣ ಕಾರಿನ ಅಡಿಗೆ ಹೋಗಿ ಮಲಗಿದ್ದಾಗ ಪೈಪು ಒಡೆದು ಎಣ್ಣೆ ಚಿಮ್ಮಿತು, ಕಾರು ಅವರ ಮೇಲೆಯೇ ಕೂರತೊಡಗಿತು. ಆಸರೆಗೆ ಇಟ್ಟಿದ್ದ ಮರದ ತುಂಡು ಜಾರಿತ್ತು. ಗಿರಿಜಕ್ಕ ಆಗ ಗಟ್ಟಿಮುಟ್ಟಾಗಿದ್ದರು. ಓಡಿಬಂದು ಎರಡು ಕಾಲು ಹಿಡಿದು ಎಳೆದರು. ಹೆಗಲಿನ ಚರ್ಮ ಸುಲಿದುಹೋಯಿತು, ಜೀವ ಉಳಿಯಿತು. ಇದನ್ನು ಐತಪ್ಪಣ್ಣ ತಮಾಷೆಯಾಗಿ ಹೇಳುತ್ತಿದ್ದರು. ಗಿರಿಜಕ್ಕ ಅದನ್ನು ಎಂದೂ ತಮಾಷೆಯಾಗಿ ಹೇಳಿದ್ದಿಲ್ಲ.

ನಾನು ಆ ಮನೆಗೆ ಹೋಗಲು ಶುರುಮಾಡಿದಾಗ ಗಿರಿಜಕ್ಕನ ಬೆನ್ನೆಲುಬಿಗೆ ಕ್ಯಾನ್ಸರ್ ಇಳಿದಿತ್ತು. ಕೂರುವುದೇ ಕಷ್ಟ. ಮಂಗಳೂರಿನ ಆಸ್ಪತ್ರೆಗೆ, ಊರವರು ಕರೆಂಟು ಎನ್ನುವ ರೇಡಿಯೇಶನ್ ಕೊಡಿಸಲು, ಆಮೇಲೆ ಎಲುಬಿನ ಇಂಜೆಕ್ಷನ್ನಿಗೆ ಎಂದು ಹೋಗುತ್ತಲೇ ಇರಬೇಕಿತ್ತು. ಹೆದ್ದಾರಿ ಅಗಲ ಮಾಡುತ್ತೇವೆಂದು ದಾರಿಯುದ್ದಕ್ಕೂ ಅಗೆದು ಹಾಕಿದ್ದ ಸಮಯ. ಐತಪ್ಪಣ್ಣನಿಗೆ ಮಾತ್ರ ಚಿಂತೆಯೇ ಇರಲಿಲ್ಲ. ತನ್ನ ಕಾರು ಇಷ್ಟು ವರ್ಷ ಬದುಕಿ ಉಳಿದದ್ದೇ ಈ ಕೆಲಸಕ್ಕೆ ಎಂದು ಅವರ ನಂಬಿಕೆ. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಗಿರಿಜಕ್ಕನನ್ನು ಮಲಗಿಸುತ್ತಿದ್ದೆವು. ರಜೆ ಹಾಕಿ ನಾನೂ ಹೊರಡುತ್ತಿದ್ದೆ, ಅವರ ತಲೆ ನನ್ನ ತೊಡೆಯ ಮೇಲೆ.

ಆ ಕಾರಿನ ಗುಂಡುಗಳೊಳಗಿನ ಗ್ಯಾಸು ವರ್ಷ ಹೋದ ಹಾಗೆ ಸೋರಿಹೋಗುತ್ತದೆ. ಕಾರು ಏಳುವುದು, ಕೂರುವುದು ಎಲ್ಲ ಮೊದಲಿನ ಹಾಗೆಯೇ, ಮೆತ್ತಗೆ ಮಾತ್ರ ಇರುವುದಿಲ್ಲ. ಇಂಜಿನಿನ ಭಾರ ಇರುವ ಮುಂದಿನದ್ದು ಮೊದಲು ಹಾಳಾಗುತ್ತದೆ ಎಂದು ಐತಪ್ಪಣ್ಣ ಹೇಗೋ ಗಲ್ಫಿನಿಂದ ತರಿಸಿ ಮುಂದಿನ ಗುಂಡುಗಳನ್ನು ಬದಲಿಸಿದ್ದರು. ಹಿಂದಿನದಕ್ಕೆಂದು ಇನ್ನೊಂದು ಜೊತೆ ತರಿಸಿ ಹಳೇ ಲುಂಗಿಯಲ್ಲಿ ಸುತ್ತಿ ಗಿರಿಜಕ್ಕನ ಮಂಚದ ಅಡಿಯಲ್ಲೇ ಇಟ್ಟಿದ್ದರು. ಇನ್ನು ಮೇಲೆ ಅವು ಸಿಗುವುದಿಲ್ಲ, ಹಾಗಾಗಿ ಹಿಂದಿನದ್ದು ಪೂರ್ತಿ ಸತ್ತ ಮೇಲೆಯೇ ಹಾಕುವುದು ಎಂದು ಅವರ ಲೆಕ್ಕ. ಸತ್ತದ್ದು ಗೊತ್ತಾಗುವುದು ಹೇಗೆ ಎಂದು ನಾನು ಕೇಳಿದ್ದೆ. "ಗಿರಿಜ ಹೇಳ್ತಾಳೆ. ಅವಳ ಬೆನ್ನಿಗೆ ಗೊತ್ತಾದಷ್ಟು ನನ್ನ ಕೈಗೆ ಗೊತ್ತಾಗುದಿಲ್ಲ," ಎಂದರು. ಡಿಕ್ಕಿಯನ್ನು ಒಮ್ಮೆ ಕೈಯಿಂದ ಒತ್ತಿ ನೋಡಿದ್ದರೆ ಸಾಕಿತ್ತು, ಗ್ಯಾಸು ಇದ್ದರೆ ತಗ್ಗುತ್ತದೆ, ಇಲ್ಲದಿದ್ದರೆ ಅಲುಗುವುದಿಲ್ಲ. ಹೆಂಡತಿಯ ಮಾತು ಇರುವಾಗ ಅದು ಅವರಿಗೆ ಬೇಕೆನಿಸಲಿಲ್ಲ.

ದಾರಿಯಲ್ಲಿ ಹೊಂಡ ಬಂದರೂ ಅವರು ಬ್ರೇಕ್ ಒತ್ತುತ್ತಿರಲಿಲ್ಲ. ಬ್ರೇಕ್ ಒತ್ತಿದರೆ ಮೈ ಮುಂದೆ ಜಾರಿ ನೋವಾಗುತ್ತದೆ, ಹೊಂಡವನ್ನಾದರೆ ಇವ ನುಂಗುತ್ತಾನೆ ಎಂದು ಒಂದೇ ಸಮನೆ ಬಿಡುತ್ತಿದ್ದರು. ಮುಂದೆ ಕೂತವರಿಗೆ ಅದು ನಿಜವೇ. ಹಿಂದೆ ನನ್ನ ಸೊಂಟಕ್ಕೇ ಕಲ್ಲಿನಿಂದ ಕುಟ್ಟಿದ ಹಾಗಾಗುತ್ತಿತ್ತು. ಪ್ರತಿ ಹೊಂಡ ದಾಟಿದ ಮೇಲೂ ಐತಪ್ಪಣ್ಣ ಕನ್ನಡಿಯಲ್ಲಿ ನೋಡಿ, "ಎಂಚ ಉಂಡು ಗಿರಿಜಾ?" ಎಂದು ತುಳುವಿನಲ್ಲಿ ಹೇಗುಂಟೆಂದು ಕೇಳುವರು. ಹತ್ತಿಯ ಹಾಗೆ ಉಂಟು ಎಂದು ಗಿರಿಜಕ್ಕ ಹೇಳುವರು, ಮುಖದಲ್ಲಿ ನಗುವನ್ನೂ ತಂದುಕೊಳ್ಳುವರು. ಹತ್ತರಲ್ಲಿ ನೋವು ಎಷ್ಟೆಂದು ಬೆರಳಲ್ಲಿ ತೋರಿಸಲು ನಾನೇ ಅವರಿಗೆ ಕಲಿಸಿದ್ದೆ. ಕನ್ನಡಿಗೆ ಕಾಣದ ಹಾಗೆ, ಹೊದಿಕೆಯ ಅಡಿಯಲ್ಲಿ, ಅವರ ಎರಡೂ ಕೈಯ ಬೆರಳುಗಳು ಪೂರ್ತಿ ಬಿಡಿಸಿಕೊಂಡಿರುತ್ತಿದ್ದವು.

ಮನೆಗೆ ಬಂದು ಐತಪ್ಪಣ್ಣ ಹೊರಗೆ ಹೋದ ಮೇಲೆ ನಾನು ಸಿಟ್ಟಿನಿಂದಲೇ ಕೇಳಿದೆ. ಮಂಚದ ಅಡಿಯಲ್ಲಿ ಹೊಸ ಗುಂಡು ಇಟ್ಟುಕೊಂಡು ಇದೆಂತ ಹಟ ಎಂದು. ಗಿರಿಜಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಹೇಳಿದರೆ ಅವರು ನಾಳೆ ಬೆಳಿಗ್ಗೆಯೇ ಅದರ ಅಡಿಗೆ ಹೋಗ್ತಾರೆ. ಅವತ್ತು ನಾನು ಎಳೆದೆ. ಈಗ ಎಳೀಲಿಕ್ಕೆ ನನ್ನಲ್ಲಿ ಶಕ್ತಿ ಎಲ್ಲುಂಟು ಮಾರಾಯ್ತಿ?"

ನಾನು ಆಂಬುಲೆನ್ಸ್ ಹೇಳುತ್ತೇನೆ ಎಂದೆ. ಅದೂ ಬೇಡವಂತೆ. ಆಂಬುಲೆನ್ಸ್ ಯಾಕೆ ಎಂದು ಅವರು ಕೇಳುತ್ತಾರೆ, ಆಗ ಎಲ್ಲ ಗೊತ್ತಾಗುತ್ತದೆ. ಅಲ್ಲದೆ ನನಗೋಸ್ಕರ ಮಾಡಲು ಆ ಮನುಷ್ಯನಿಗೆ ಇನ್ನು ಬೇರೆ ಎಂತ ಉಳಿದುಂಟು ಎಂದರು. ರೋಗಿಯ ಮಾತನ್ನು ಮೀರಬಾರದು ಎಂದು ನಮಗೆ ಕಲಿಸಿದ್ದಾರೆ. ಹೊರಡುವ ಮೊದಲು ನೋವಿನ ಮಾತ್ರೆ ಹೆಚ್ಚು ಕೊಡಬಹುದೇ ಎಂದು ಡಾಕ್ಟರಲ್ಲಿ ಕೇಳಿ ಕೊಡತೊಡಗಿದೆ. ಎಲುಬು ಎಲುಬಿಗೆ ತಾಗುವ ಆ ನೋವಿಗೆ ಮಾತ್ರೆ ಯಾವ ಲೆಕ್ಕ? ಗಂಡ ಹೆಂಡತಿ ಇಬ್ಬರನ್ನೂ ಎದುರು ಕೂರಿಸಿ ಬೈದುಬಿಡಬೇಕು ಎನಿಸುತ್ತಿತ್ತು. ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ನೀರು ಬಿಟ್ಟು ಅಳುತ್ತಿದ್ದೆ.

ಹಾಗೆ ನೋವು ತಿನ್ನುತ್ತ ತಿನ್ನುತ್ತ ಗಿರಿಜಕ್ಕ ಒಂದು ದಿನ ಹೋದರು. ಐತಪ್ಪಣ್ಣ ಬಂದವರೆಲ್ಲರಲ್ಲೂ ಒಂದೇ ಮಾತು ಹೇಳುತ್ತಿದ್ದರು: ರೋಗ ಏನು ಮಾಡಿತೋ ಮಾಡಿತು, ದಾರಿಯಲ್ಲಿ ಮಾತ್ರ ಅವಳಿಗೆ ನಾನು ಒಂದು ಚೂರು ನೋವು ಮಾಡಲಿಲ್ಲ. ಆ ಮಾತು ಕೇಳಿಸುವಾಗ ನಾನು ಎದ್ದು ಅಡಿಗೆಮನೆಗೆ ಹೋಗುತ್ತಿದ್ದೆ.

ಅವರ ಕಣ್ಣಿನ ಪೊರೆ ತೆಗೆಸಲು ಕಾಸರಗೋಡಿಗೆ ಹೋದದ್ದು ಆ ಕಾರಿನ ಕೊನೆಯ ಓಟ. ಆಟೋ ಬೇಡ, ಕಾರು ನಿಂತೇ ಇದ್ದರೆ ಅದರ ರಬ್ಬರೆಲ್ಲ ಒಣಗುತ್ತದೆ, ನೀವೇ ಓಡಿಸಿ ಎಂದು ನನ್ನಲ್ಲಿ ಹಟ ಹಿಡಿದರು. ಹೋಗುವಾಗ ನನ್ನ ಪಕ್ಕ ಕೂತು ಗೇರಿಗೊಂದು ಉಪದೇಶ ಮಾಡಿದರು. ಬರುವಾಗ ಒಂದು ಕಣ್ಣಿಗೆ ಪಟ್ಟಿ ಕಟ್ಟಿತ್ತು, ಬಿಸಿಲು ತಾಗಬಾರದು ಎಂದು ನಾನೇ ಹಿಂದೆ ಕೂರಿಸಿದೆ. ಡ್ರೈವರನಿಗೆ ಹಿಂದಿನ ಸೀಟು ಎಂತಕ್ಕೆ ಎಂದು ಗೊಣಗಿದರು. ತನ್ನದೇ ಕಾರಿನಲ್ಲಿ ಅವರು ಹಿಂದೆ ಕೂತದ್ದು ಅದೇ ಮೊದಲು. ಗಿರಿಜಕ್ಕ ಹೋದ ಮೇಲೆ ಆ ಸೀಟಿನ ವಿಷಯವೇ ನನ್ನ ತಲೆಯಲ್ಲಿರಲಿಲ್ಲ.

ಸೀತಾಂಗೋಳಿ ದಾಟುವ ತನಕ ಮಾತಾಡುತ್ತಿದ್ದರು. ನೀರ್ಚಾಲಿನ ಹತ್ತಿರ ರಸ್ತೆ ಕೆಟ್ಟಿತ್ತು. ಒಂದು ಹೊಂಡ, ಇನ್ನೊಂದು ಹೊಂಡ. ಹಿಂದಿನಿಂದ ಮಾತು ನಿಂತಿತು. ಒಮ್ಮೆ ನಿಲ್ಲಿಸಿ ಸಿಸ್ಟರೇ ಎಂದರು. ಇಂಜಿನ್ ಹಾಗೆಯೇ ಇರಲಿ ಎಂದು ಹೇಳಿ, ಬಾಗಿಲು ತೆಗೆದು, ಕಾರು ಹಿಡಿದುಕೊಂಡೇ ಹಿಂದೆ ಹೋದರು. ಎರಡೂ ಕೈಯಿಂದ ಡಿಕ್ಕಿಯನ್ನು ಒತ್ತಿದರು. ಕಾರು ಅಲುಗಲಿಲ್ಲ. ಮತ್ತೆ ಮೈಭಾರ ಬಿಟ್ಟು ಒತ್ತಿದರು. ಆಮೇಲೆ ಬಂದು ಹಿಂದೆಯೇ ಕೂತರು.

"ಅವಳು ಹತ್ತಿಯ ಹಾಗೆ ಉಂಟು ಅಂತಲೇ ಹೇಳ್ತಿದ್ದಳಲ್ಲ."

ನಾನು ಕನ್ನಡಿಯಲ್ಲಿ ನೋಡಿದೆ. ಆ ಮುಖಕ್ಕೆ ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ನೀವು ಪುನಃ ಕಾರಿನ ಅಡಿಗೆ ಹೋಗ್ತೀರಿ ಅಂತ ಅವರಿಗೆ ಹೆದರಿಕೆ ಐತಪ್ಪಣ್ಣ. ಅದಕ್ಕೆ ಹೇಳ್ಲಿಲ್ಲ," ಎಂದೆ.

ಒಂದು ಬಸ್ಸು ಹಾರ್ನ್ ಹಾಕಿ ನಮ್ಮನ್ನು ದಾಟಿ ಹೋಯಿತು.

"ಹಿಂದಿನ ಗುಂಡು ಹಾಕ್ಲಿಕ್ಕೆ ಅಡಿಗೆ ಹೋಗ್ಲಿಕ್ಕೇ ಇಲ್ಲ ಸಿಸ್ಟರೇ. ಚಕ್ರ ಬಿಚ್ಚಿ, ಬದಿಯಲ್ಲಿ ಕೂತು ಕೈ ಹಾಕಿದರೆ ಆಯ್ತು. ಬೆಳಿಗ್ಗೆ ಶುರು ಮಾಡಿದರೆ ಊಟಕ್ಕೆ ಮೊದಲು ಮುಗೀತದೆ."

ನನಗೂ ಅದು ಗೊತ್ತಿರಲಿಲ್ಲ. ಗಿರಿಜಕ್ಕನಿಗೂ ಗೊತ್ತಿರಲಿಲ್ಲ. ಹಿಂದೆ ಐತಪ್ಪಣ್ಣ ಕಾಲು ಮಡಚಿ, ಸೀಟಿಗೆ ಬೆನ್ನು ಕೊಟ್ಟು ಉದ್ದಕ್ಕೆ ಮಲಗಿಕೊಂಡರು. ಹೊಂಡ ತಪ್ಪಿಸಿ ಮೆಲ್ಲ ಹೋಗುತ್ತೇನೆ ಎಂದು ನಾನು ಹೇಳಿದೆ.

"ಬೇಡ," ಎಂದರು. "ನಾನು ಹೋಗ್ತಿದ್ದ ಹಾಗೆಯೇ ಹೋಗಿ."