ನೀಲಕಂಠಪ್ಪ ನೋಡದೆ ವಿಮಾನ ಏಳುವುದಿಲ್ಲ

ಬೆಳಗಿನ ಐದು ಗಂಟೆ. ನೀಲಕಂಠಪ್ಪ ಏನೋ ಕಳೆದುಕೊಂಡವರಂತೆ ತಲೆ ಬಗ್ಗಿಸಿ ರನ್‌ವೇ ಮೇಲೆ ನಡೆಯುತ್ತಿದ್ದಾರೆ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಉದ್ದನೆಯ ಪೊರಕೆ. "ಅಲ್ಲೇ ನಿಂದರ್ ತಂಗಿ, ನಿನ್ನ ಚಪ್ಪಲ್ಯಾಗೂ ಕಲ್ಲ ಸಿಕ್ಕೊಂಡಿರ್ತಾವ," ಎಂದು, ಅವರ ಕೆಲಸ ನೋಡಲು ಬಂದ ನನ್ನನ್ನು ಬಿಳಿ ಗೆರೆಯಾಚೆಯೇ ನಿಲ್ಲಿಸುತ್ತಾರೆ.

ಇದು ಕತಾರಿನ ಸಣ್ಣ ಊರೊಂದರ ಪುರಸಭೆಗೆ ಸೇರಿದ ವಿಮಾನ ನಿಲ್ದಾಣ. ದೊಡ್ಡ ವಿಮಾನಗಳು ಇತ್ತ ತಿರುಗಿಯೂ ನೋಡುವುದಿಲ್ಲ. ಹಾರಾಟ ಕಲಿಯುವವರ ಎರಡು ಸೀಟಿನವು ಐದಾರಿವೆ, ಅಷ್ಟೇ. ಸಣ್ಣ ಕಲ್ಲು ಸಿಡಿದರೂ ಅವುಗಳ ಪ್ರೊಪೆಲ್ಲರ್ ಕೆಡುತ್ತದೆ. ಒಂದು ಕಿಲೋಮೀಟರ್ ರನ್‌ವೇಯನ್ನು ದಿನಕ್ಕೆರಡು ಸಲ ಗುಡಿಸಿ, ಸಿಕ್ಕಿದ್ದನ್ನೆಲ್ಲ ರಿಜಿಸ್ಟರಿನಲ್ಲಿ ಬರೆಸುವುದು ಇವರ ಕೆಲಸ. ನಿನ್ನೆ ಸಿಕ್ಕಿದ್ದು: ಕಲ್ಲು ಹದಿನೇಳು, ಬೋಲ್ಟು ಒಂದು, ಒಂಟೆ ಎರಡು.

ನೀಲಕಂಠಪ್ಪ ಬಾದಾಮಿ ಕಡೆಯವರು. ಏಳು ವರ್ಷದ ಹಿಂದೆ ಇದೇ ರನ್‌ವೇಗೆ ಡಾಂಬರು ಹಾಕಲು ಬಂದು, ಗುಡಿಸಲು ಉಳಿದುಕೊಂಡರು. ನಲವತ್ತೈದು ಡಿಗ್ರಿ ಬಿಸಿಲನ್ನಾದರೂ ತಡೆದಾರು, ಹೆಂಡತಿ ಶಿವಗಂಗವ್ವ ಮಾತು ತುಂಬಿ ಕಳಿಸುವ ಕ್ಯಾಸೆಟ್ಟು ತಡೆಯುವುದು ಕಷ್ಟ. "ಮನ್ಯಾಗ ಒಂದ್ ದಿನಾ ಕಸಬರಗಿ ಮುಟ್ಟಲಿಲ್ಲ. ಅರಬರ ಮರಳ ಗುಡಸಾಕ ಅಷ್ಟ ದೂರ ಹೋದ್ರಿ!"

ಕಳೆದ ತಿಂಗಳು ಈ ಕೆಲಸವೂ ಹೋಗುವುದರಲ್ಲಿತ್ತು. ಆಯುಧಪೂಜೆಯ ಮುಂಜಾನೆ ಅವರು ಹೊಸ ವಿಮಾನವೊಂದರ ಮೂರು ಗಾಲಿಗಳ ಕೆಳಗೆ ಮೂರು ನಿಂಬೆಹಣ್ಣು ಇಟ್ಟರು. ವಿಮಾನ ಹೊರಟಾಗ ಎರಡು ಅಲ್ಲೇ ಅಪ್ಪಚ್ಚಿಯಾದವು. ಮೂರನೆಯದು ಗಾಲಿಗೆ ಅಂಟಿಕೊಂಡು ಹೋಗಿ ರನ್‌ವೇ ನಡುವೆ ಬಿತ್ತು. ನೀಲಕಂಠಪ್ಪನೇ ಅದನ್ನು ಕಂಡು, ಕೆಂಪು ಬಾವುಟ ಬೀಸಿ ವಿಮಾನ ನಿಲ್ಲಿಸಿ, ಹೆಕ್ಕಿ ತಂದರು.

ರಿಜಿಸ್ಟರ್ ಬರೆಯುವ ಮಂಗಳೂರಿನ ಹ್ಯೂಬರ್ಟ್ ತಲೆ ಚಚ್ಚಿಕೊಂಡರು. "ಎಂಥ ಮಾರಾಯ! ಹೆಕ್ಕುವವನೇ ಬಿಸಾಡಿದ್ರೆ ಹೇಗೆ? ಕಿಸೆಗೆ ಹಾಕು, ನಾನು ಬರೆಯುವುದಿಲ್ಲ."

"ಹೊಸಾ ಗಾಡಿಗೆ ನಿಂಬಿಹಣ್ಣ ಇಡದ ಹೆಂಗ ಬಿಡೂದ್ರಿ? ಬರೀರಿ. ಸಿಕ್ಕದ್ದ ಬರೀಬೇಕು."

ಹ್ಯೂಬರ್ಟ್ ಬರೆದದ್ದನ್ನು ನಿಲ್ದಾಣದ ಮ್ಯಾನೇಜರ್ ಓದಿದರು. "ಖಲಾಸ್" ಎಂದು ರನ್‌ವೇ ಪಾಸ್ ಕಿತ್ತುಕೊಂಡರು. ಅವರನ್ನು ಊರಿಗೆ ಕಳಿಸುವ ಕಾಗದವೂ ತಯಾರಾಗತೊಡಗಿತು.

ಮರುದಿನದಿಂದ ಬೇರೆಯವರು ಗುಡಿಸಿದರು. ತರಬೇತಿ ಕೊಡುವ ಪೈಲಟ್ ಅದನ್ನು ನಂಬಲಿಲ್ಲ. ಕಲಿಯುವವರನ್ನು ಸಾಲಾಗಿ ಕರೆದುಕೊಂಡು, ನೆಲ ನೋಡುತ್ತ, ಇಡೀ ಕಿಲೋಮೀಟರ್ ತಾವೇ ನಡೆದರು. ನಾಲ್ಕನೆಯ ದಿನ ಬೆವರೊರೆಸಿಕೊಳ್ಳುತ್ತ ಮ್ಯಾನೇಜರ್ ಕೋಣೆಗೆ ನುಗ್ಗಿದರು. "ತನ್ನ ತಪ್ಪನ್ನೇ ಬರೆಸಿದವನು ಕಲ್ಲು ಬಿಟ್ಟಾನೆಯೇ? ಅವನನ್ನೇ ಕಳಿಸಿ!" ಪಾಸ್ ವಾಪಸ್ ಬಂತು. ಷರತ್ತು ಒಂದೇ: ಇನ್ನು ಮುಂದೆ ಪೂಜೆ ಏನಿದ್ದರೂ ಪೊರಕೆಗೆ.

ಆರು ಗಂಟೆಗೆ ಮೊದಲ ವಿಮಾನ ಹೊರಡುತ್ತದೆ. ನೀಲಕಂಠಪ್ಪ ಅದರೊಳಗೆ ಕೂತ ಅದೇ ಪೈಲಟ್‌ನತ್ತ ಬೆರಳು ತೋರಿಸುತ್ತಾರೆ.

"ನೋಡ್ ತಂಗಿ, ಅಂವಾ ಒಮ್ಮಿನೂ ಕೆಳಗ ನೋಡಲಿಲ್ಲ. ನನಗ ಅಷ್ಟ ಸಾಕು."