ದೋನ್ ಸಬಿನೊ ಊದಿ ನೋಡಿದ ಎರಡು ಕೊಳವೆ

ಕೋಪಕಬಾನದಲ್ಲಿ ಸರೋವರದ ಕಡೆಗೆ ಇಳಿಯುವ ಬೀದಿಯಲ್ಲಿ ದೋನ್ ಸಬಿನೊ ಕಲ್ಲಿಸಾಯರ ಗ್ಯಾರೇಜಿದೆ. ಅದಕ್ಕೆ ಬಾಗಿಲಿಲ್ಲ, ನೀರಿನ ಬೆಳಕು ನೇರ ಒಳಬಂದು ಸ್ಪ್ಯಾನರುಗಳ ಮೇಲೆ ಅಲೆಯಾಡುತ್ತಿರುತ್ತದೆ. ನಲವತ್ತು ವರ್ಷ ಹಬ್ಬಗಳಲ್ಲಿ ಸಿಕು ಊದಿದ ಮನುಷ್ಯ. ಆ ಬಿದಿರ ವಾದ್ಯವನ್ನು ಇಬ್ಬರು ಹಂಚಿಕೊಂಡು ಊದಬೇಕು. ಅರ್ಧ ಸ್ವರ ಒಬ್ಬನಲ್ಲಿ, ಉಳಿದರ್ಧ ಇನ್ನೊಬ್ಬನಲ್ಲಿ. ಜೊತೆಗಾರ ತೀರಿಕೊಂಡ ಮೇಲೆ ಅವರು ಊದುವುದು ಕಾರಿನ ಕೊಳವೆಗಳನ್ನು ಮಾತ್ರ.

ನಾನು ಅಲ್ಲಿಗೆ ಕಾರು ತಂದ ದಿನದ ಮರುದಿನವೇ ನನ್ನ ಏಳು ತಿಂಗಳ ಮಗ ಲೆಯಾಂದ್ರೊನನ್ನು ಹೃದಯದ ಪರೀಕ್ಷೆಗೆ ಲಾಪಾಸ್‌ಗೆ ಕರೆದೊಯ್ಯಬೇಕಿತ್ತು. ನಮ್ಮ ಡೀಸೆಲ್ ಕಾರು ನೋಡಿದರೆ ಎಚ್ಚರಿಕೆಯ ಹಳದಿ ದೀಪ ಹಚ್ಚಿಕೊಂಡು ಏರಿನಲ್ಲಿ ಸೋತು ಬೀಳುತ್ತಿತ್ತು. ಹೊಗೆಯ ಫಿಲ್ಟರ್ ಕಟ್ಟಿದೆ, ಕಿತ್ತೆಸೆಯಿರಿ ಎಂದಿದ್ದ ಇನ್ನೊಬ್ಬ ಮೆಕ್ಯಾನಿಕ್. ಕಿತ್ತ ಮೇಲೆ ಮಸಿಯೆಲ್ಲ ಮಗುವಿನ ಎದೆಗಿಳಿದರೆ? ಕೀಳದೆ ಹೊರಟು ಕಣಿವೆಯಲ್ಲಿ ಕಾರು ನಿಂತುಬಿಟ್ಟರೆ?

"ಇಂಜಿನ್ ಬೇಡ, ಕೀ ಮಾತ್ರ ತಿರುಗ್ಸು ಮಗಳೇ." ಎಂದರು ದೋನ್ ಸಬಿನೊ. ಅವರ ಕೈಯಲ್ಲಿದ್ದ, ಕಾರಿನ ದೋಷ ಓದುವ ಪುಟ್ಟ ಯಂತ್ರದಲ್ಲಿ ಅಂಕಿ ಏರಿ ನಿಂತಿತು. "ನೋಡು, ಹೊಗೆನೇ ಇಲ್ಲ, ಆದ್ರೂ ಫಿಲ್ಟರಲ್ಲಿ ಒತ್ತಡ ಇದೆ ಅಂತಾನೆ ಈ ಸೆನ್ಸರ್. ಸುಳ್ಳ! ಇವ್ನ ಮಾತು ಕೇಳಿ ಫಿಲ್ಟರ್ ಕೀಳ್ತಾರಾ?"

"ಕೊಳವೆ ಒಡ್ದಿದ್ಯಾ? ವೈರ್ ಸುಟ್ಟಿದ್ಯಾ? ಇಲ್ಲಾ..."

"ಮೊದ್ಲು ನೀನು ಉಸಿರು ಬಿಡಮ್ಮ."

ಫಿಲ್ಟರಿನ ಹಿಂದೊಂದು, ಮುಂದೊಂದು ಜಾಗದಿಂದ ಸೆನ್ಸರಿಗೆ ಬರುವ ಎರಡು ರಬ್ಬರ್ ಕೊಳವೆಗಳನ್ನು ಬಿಚ್ಚಿ, ಕಣ್ಣು ಮುಚ್ಚಿ ಒಂದೊಂದಾಗಿ ಊದಿದರು. ತೆಳ್ಳನೆಯ ಸದ್ದೊಂದು ಗ್ಯಾರೇಜು ತುಂಬಿತು. ಬಂದಾಗಿನಿಂದ ಅಳುತ್ತಿದ್ದ ಮಗು ನನ್ನ ಬೆನ್ನ ಮೇಲೆ ಅಳು ನಿಲ್ಲಿಸಿತು. ಕಾರು, ಲಾಪಾಸ್, ವೈದ್ಯರು ಎಲ್ಲ ನೀರಿನಾಚೆಗೆ ತೇಲಿಹೋದಂತಾಯಿತು ನನಗೆ.

"ಎರಡೂ ಸರಿಯಾಗಿವೆ," ಎಂದು ಸೆನ್ಸರಿನ ಪ್ಲಗ್ ಎಳೆದರು. ಒಳಗೆ ಹಸಿರು ಕಿಲುಬು, ಅಂಟು, ಹಬ್ಬದಲ್ಲಿ ಎರಚುವ ಗುಲಾಬಿ ಕಾಗದದ ಚೂರು. "ಕಾರ್ನಿವಲ್ ಮಂಗಳವಾರ ಬಾನೆಟ್ ಎತ್ತಿ ಬಿಯರ್ ಹುಯ್ದೋರ್ಯಾರು?"

"ಅತ್ತೆ. ಕಾರಿಗೆ ಒಳ್ಳೇದಾಗ್ಲಿ ಅಂತ. ಎರಡು ಬಾಟ್ಲಿ."

"ಭೂತಾಯಿಗೆ ನಾಲ್ಕು ಹನಿ ಸಾಕು! ನಿನ್ನತ್ತೆ ದೋನ್ಯಾ ಫೋರ್ತುನಾತಾ ಸೆನ್ಸರಿಗೇ ಕುಡಿಸಿಬಿಟ್ಟಿದ್ದಾರೆ. ಅಮಲಲ್ಲಿರೋನು ನಿಜ ಹೇಳ್ತಾನಾ? ಮುಂದಿನ ವರ್ಷ ಚಕ್ರಕ್ಕೆ ಹುಯ್ಯೋಕೆ ಹೇಳು."

ಸ್ಪಿರಿಟ್ ಮತ್ತು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಣಗಿಸಿ ಜೋಡಿಸಿದರು. ಅಂಕಿ ಸೊನ್ನೆಗಿಳಿಯಿತು. ಇಂಜಿನ್ ಚಾಲೂ ಮಾಡಿ ರೇಸ್ ಕೊಟ್ಟರೆ ಮೆಲ್ಲಗೆ ಏರಿತು, ಬಿಟ್ಟರೆ ಇಳಿಯಿತು. ಯಂತ್ರದಿಂದಲೇ ಹಳದಿ ದೀಪವನ್ನೂ ಆರಿಸಿದರು.

"ನಾಳೆ ಕೈಕೊಡಲ್ಲ ಅಲ್ವಾ, ದೋನ್ ಸಬಿನೊ?"

"ನಾನು ಹೇಳಿದ್ರೆ ನಿನ್ನ ಭಯ ಹೋಗುತ್ತಾ? ಹತ್ತು, ನಾನೂ ಬರ್ತೀನಿ."

ಊರಾಚೆಯ ಕಡಿದಾದ ಏರಿನಲ್ಲಿ "ಒತ್ತು, ಇನ್ನೂ ಒತ್ತು" ಎನ್ನುತ್ತಲೇ ಇದ್ದರು. ಕಾರು ಎಲ್ಲೂ ಸೋಲದೆ ಹತ್ತಿತು. ಕೆಳಗೆ ಸರೋವರ ಆಕಾಶದಷ್ಟೇ ಅಗಲವಾಗುತ್ತ ಹೋಯಿತು. ತುದಿಯಲ್ಲಿ ನಿಲ್ಲಿಸಿ ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಮಗು ನಿದ್ದೆಹೋಗಿತ್ತು, ಅದನ್ನು ಎತ್ತಿಕೊಂಡಿದ್ದ ದೋನ್ ಸಬಿನೊ ಕೂಡ. ಎಬ್ಬಿಸದೆ, ಹೊರಗಿಳಿದು ಗಂಡನಿಗೆ ಫೋನ್ ಮಾಡಿದೆ: "ಬೆಳಿಗ್ಗೆ ಆರಕ್ಕೆ ಹೊರಡೋಣ. ಬಸ್ ಬೇಡ, ಕಾರಿನಲ್ಲೇ."